ಮುಟ್ಟು: ಆಚರಣೆಯ ಪಲ್ಲಟ ಮತ್ತು ಆಯ್ಕೆಯ ಪ್ರಶ್ನೆ

ರಜಸ್ವಲೆಯನ್ನು ಕುರಿತ ಕನ್ನಡದ ರೂಢಿಮಾತುಗಳು ದೇಹಕ್ಕಿಂತ ಸ್ಥಳವನ್ನೇ ಹೆಚ್ಚಾಗಿ ಸೂಚಿಸುತ್ತವೆ. ‘ಹೊರಗಾದಳು’, ‘ದೂರ ಕೂತಳು’ ಎಂಬಲ್ಲಿ ಸ್ರಾವದ ಪ್ರಸ್ತಾಪವಿಲ್ಲ. ಮನೆಯೊಳಗೆ ಆಕೆಯ ಸ್ಥಾನ ಬದಲಾದ ಸೂಚನೆಯಿದೆ. ಆದ್ದರಿಂದ ಈ ಆಚರಣೆಯ ಅಧ್ಯಯನವು ಮನೆಯ ಗಡಿಗಳ ಅಧ್ಯಯನವೂ ಹೌದು.

ಈ ಗಡಿಯನ್ನು ತಾತ್ವಿಕವಾಗಿ ಪ್ರಶ್ನಿಸಿದವರು ಹನ್ನೆರಡನೆಯ ಶತಮಾನದ ಶರಣರು. ಜನನ, ಮರಣ, ಜಾತಿ, ಉಚ್ಛಿಷ್ಟಗಳೊಡನೆ ರಜಸ್ಸನ್ನೂ ಸೇರಿಸಿ ಪಂಚಸೂತಕಗಳನ್ನು ಶರಣಧರ್ಮವು ನಿರಾಕರಿಸಿತು. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವಳಿಗೆ ಪೂಜೆ ನಿಷಿದ್ಧವಾಗುವ ದಿನವೇ ಇಲ್ಲ. ಆದರೂ ಈ ತತ್ವ ಅನುಯಾಯಿಗಳ ಎಲ್ಲ ಮನೆಗಳ ನಿತ್ಯಾಚಾರವಾಗಿ ಉಳಿಯಲಿಲ್ಲ.

ಆಧುನಿಕ ಕಾಲದ ಸಡಿಲಿಕೆಯ ಕಾರಣಗಳು ಬೇರೆ. ಮೂರು ದಿನ ಬೇರೆ ಚಾಪೆ, ಬೇರೆ ತಟ್ಟೆ, ನಾಲ್ಕನೆಯ ದಿನ ತಲೆಸ್ನಾನ ಎಂಬ ಕಟ್ಟುಪಾಡು ನಡೆಯುತ್ತಿದ್ದುದು ಅಡುಗೆಗೆ ಇನ್ನೊಬ್ಬ ಹೆಂಗಸಿದ್ದ ಅವಿಭಕ್ತ ಕುಟುಂಬದಲ್ಲಿ. ಕುಟುಂಬ ಚಿಕ್ಕದಾದಾಗ ಅಡುಗೆಮನೆಯ ನಿಷೇಧ ಮೊದಲು ಸಡಿಲವಾಯಿತು, ದೇವರಮನೆಯದು ಉಳಿಯಿತು. ಅವಳ ದುಡಿಮೆ ಅನಿವಾರ್ಯವಾದಲ್ಲಿ ಮೈಲಿಗೆ ಹಿಂದೆ ಸರಿದಿದೆ. ಹಬ್ಬ, ಮದುವೆ, ಯಾತ್ರೆಗಳಿಗಾಗಿ ಮುಟ್ಟನ್ನು ಮುಂದೂಡುವ ಮಾತ್ರೆಯೂ ಇದೇ ತರ್ಕದ ಮುಂದುವರಿಕೆ: ನಿಯಮ ಹಾಗೆಯೇ ನಿಂತು, ದೇಹವೇ ಅದಕ್ಕೆ ಹೊಂದಿಕೊಳ್ಳುತ್ತದೆ. ಇಂಥ ಬದಲಾವಣೆಗಳನ್ನೆಲ್ಲ ಬಿಡುಗಡೆಯೆಂದು ಎಣಿಸುವುದು ಅವಸರದ ತೀರ್ಮಾನ.

ಹೊರಗೆ ಕೂರುವುದನ್ನು ವಿಶ್ರಾಂತಿಯೆಂದು ಸಮರ್ಥಿಸುವವರಿದ್ದಾರೆ. ವಿಶ್ರಾಂತಿಯ ಅಂಶ ಸುಳ್ಳಲ್ಲ; ಆದರೆ ದಣಿದವಳು ತಾನಾಗಿ ಕೇಳಿ ಪಡೆಯಲಾಗದ ಬಿಡುವು ವಿಶ್ರಾಂತಿಯಾಗಲಾರದು. ಹಾಗೆಯೇ, ಸ್ವಂತ ಶ್ರದ್ಧೆಯಿಂದ ಪೂಜೆಗೆ ದೂರವಿರುವವಳನ್ನು ಕೇವಲ ಬಲಿಪಶುವೆಂದು ಬಣ್ಣಿಸುವುದೂ ಆಕೆಯ ವಿವೇಕಕ್ಕೆ ಬಗೆಯುವ ಅನ್ಯಾಯ.

ಈ ತೊಡಕು ಮನೆಯ ಗಡಿಯನ್ನೂ ದಾಟಿ ಊರಿನ ಗಡಿಯಾಗಿರುವುದು ಚಿತ್ರದುರ್ಗ, ತುಮಕೂರು ಭಾಗದ ಕಾಡುಗೊಲ್ಲರ ಹಟ್ಟಿಗಳಲ್ಲಿ. ಅಲ್ಲಿ ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗಿರುವ ಪದ್ಧತಿಯಿದೆ. ಅವರಿಗಾಗಿ ಸರ್ಕಾರ ಕಟ್ಟಿಸಿದ ಕಟ್ಟಡಗಳು ಮಳೆ ಚಳಿಯಿಂದ ರಕ್ಷಣೆ ನೀಡಿದರೂ ಹೊರಗಿನ ಜಾಗವನ್ನೇ ಖಾಯಂಗೊಳಿಸುವ ಅಪಾಯವಿದೆ. ಅಮಾನವೀಯ ಆಚರಣೆಗಳ ವಿರುದ್ಧ ಕರ್ನಾಟಕವು 2017ರಲ್ಲಿ ರೂಪಿಸಿ 2020ರಲ್ಲಿ ಜಾರಿಗೊಳಿಸಿದ ಕಾಯ್ದೆ ಬಲವಂತದ ಪ್ರತ್ಯೇಕತೆಯನ್ನು ತಡೆಯುತ್ತದೆ. ದೈವ ಮುನಿದೀತೆಂಬ ಅಂಜಿಕೆಯಿಂದ ತಾನೇ ಹೊರನಡೆದವಳ ಮಟ್ಟಿಗೆ ‘ಬಲವಂತ’ವನ್ನು ಗುರುತಿಸುವುದು ಕಾನೂನಿಗೆ ಸುಲಭವಲ್ಲ.

ಆದುದರಿಂದ ಆಚರಣೆ ಉಳಿದಿದೆಯೇ ಅಳಿದಿದೆಯೇ ಎಂಬುದಷ್ಟೇ ಸಂಶೋಧನೆಯ ಪ್ರಶ್ನೆಯಾಗಬಾರದು. ಪಾಲಿಸಲು ಒಲ್ಲದವಳು ಅಂಜಿಕೆ, ನಿಂದೆಗಳಿಲ್ಲದೆ ಅದೇ ಮನೆಯಲ್ಲಿ ಬಾಳಬಲ್ಲಳೇ ಎಂಬುದನ್ನು ಕೇಳಬೇಕು. ಹಾಗೆ ಬಾಳಬಲ್ಲಳಾದರೆ ಮಾತ್ರ ಪಾಲಿಸುವವಳ ನಡೆಯನ್ನೂ ಆಯ್ಕೆಯೆನ್ನಬಹುದು.