ಹುಳಿ ಬಾರದ ಹಿಟ್ಟಿನ ಸೀಮೆ

ಹಾಸನದ ಕಡೆಯಿಂದ ಬಂದು ನಮ್ಮ ಗೋಣಿಬೀಡು, ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ ಹಾದು ಕಳಸ, ಹೊರನಾಡು ಮುಟ್ಟುವವರು ದಾರಿಯಲ್ಲಿ ಎಲ್ಲೆಲ್ಲಿ ಉಣ್ಣಬೇಕು ಎಂಬ ಪಟ್ಟಿಯನ್ನು ಈ ವಾರ ಕೊಡುವುದಾಗಿ ಹೇಳಿದ್ದೆ. ಪಟ್ಟಿ ಸಿದ್ಧವಾಗಿಯೂ ಇತ್ತು. ಆದರೆ ಅದು ಬೇಸಿಗೆಯ ಪಟ್ಟಿ. ಈಗ ಆರಿದ್ರೆ ಮಳೆ ಹಿಡಿದು ಕೂತಿದೆ, ಹೇಮಾವತಿ ಕೆಂಪಾಗಿದ್ದಾಳೆ. ಮಾರ್ಚಿಯಲ್ಲಿ ಮಲ್ಲಿಗೆಯಂತಿದ್ದ ಇಡ್ಲಿ ಈಗ ಅದೇ ಹೋಟೆಲಿನಲ್ಲಿ, ಅದೇ ಭಟ್ಟರ ಕೈಯಲ್ಲಿ ಗಟ್ಟಿ ಬರುತ್ತಿದೆ. ಭಟ್ಟರದೇನೂ ತಪ್ಪಿಲ್ಲ. ಹಿಟ್ಟು ಹುಳಿ ಬರುತ್ತಿಲ್ಲ, ಅಷ್ಟೆ. ಪಟ್ಟಿಯನ್ನು ಅಕ್ಟೋಬರಿಗೆ ಇಟ್ಟುಕೊಂಡು ಈ ವಾರ ಹಿಟ್ಟಿನ ಮಾತನ್ನೇ ಆಡುತ್ತೇನೆ. ಮಳೆಗಾಲದಲ್ಲಿ ಘಟ್ಟ ಹತ್ತುವವರಿಗೆ ಹೋಟೆಲಿನ ಹೆಸರಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಉದ್ದು, ಅಕ್ಕಿ ರುಬ್ಬಿ ಇಟ್ಟ ಹಿಟ್ಟು ರಾತ್ರಿ ಕಳೆಯುವುದರೊಳಗೆ ಉಬ್ಬಬೇಕಾದರೆ ಸುತ್ತಲಿನ ಗಾಳಿ 30 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಆ ಬಿಸಿಯಲ್ಲಿ ಹಿಟ್ಟಿನೊಳಗಿನ ಬ್ಯಾಕ್ಟೀರಿಯಾಗಳು ಚುರುಕಾಗಿ ಹುಳಿಯನ್ನೂ ಗಾಳಿಯನ್ನೂ ಹುಟ್ಟಿಸುತ್ತವೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ರಾತ್ರಿಯ ಹವೆ ಇಪ್ಪತ್ತರ ಸುತ್ತ ಆಡುತ್ತಿರುತ್ತದೆ. ಚಾರ್ಮಾಡಿಯ ನೆತ್ತಿಯಲ್ಲಿ ಇನ್ನೂ ಕಡಿಮೆ. ಮನೆಗಳಲ್ಲಿ ಹಿಟ್ಟಿನ ಪಾತ್ರೆಯನ್ನು ಬಚ್ಚಲ ಒಲೆಯ ಪಕ್ಕದಲ್ಲಿಟ್ಟು, ಮೇಲೊಂದು ಗೋಣಿಚೀಲ ಹೊದಿಸಿ ಕಾಯುತ್ತಾರೆ. ಹೋಟೆಲಿನವರಿಗೆ ಅಷ್ಟು ವ್ಯವಧಾನವಿಲ್ಲ. ಅಲ್ಲಿ ಸೋಡಾಪುಡಿ ಬೀಳುತ್ತದೆ. ದೋಸೆ ಕೆಂಪಗೆ ಬರುತ್ತದೆ, ತೂತೂ ಬೀಳುತ್ತದೆ, ಆದರೆ ನಾಲಗೆಯ ಮೇಲೆ ಸೋಡಾದ ರುಚಿ ಉಳಿಯುತ್ತದೆ, ಮಧ್ಯಾಹ್ನದವರೆಗೂ ನೀರು ಕುಡಿಯುತ್ತಿರಬೇಕಾಗುತ್ತದೆ.

ಈಗ ಮಲೆನಾಡಿನ ಮನೆಗಳ ಬೆಳಗಿನ ತಿಂಡಿಗಳನ್ನು ಒಂದೊಂದಾಗಿ ನೆನೆಯಿರಿ. ಅಕ್ಕಿ ರೊಟ್ಟಿ, ಕಡುಬು, ಒತ್ತು ಶಾವಿಗೆ, ನೀರುದೋಸೆ. ಯಾವುದಕ್ಕೂ ಹುಳಿ ಬರಿಸುವ ಕೆಲಸವಿಲ್ಲ. ಎಸರಿಗೆ ಅಕ್ಕಿತರಿ ಹಾಕಿ ಗೊಟಾಯಿಸಿ, ಬಿಸಿಯಿರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿ ಹಬೆಗಿಟ್ಟರೆ ಕಡುಬು. ಹಿಟ್ಟು ಬೇಯಿಸಿ, ನಾದಿ, ತಟ್ಟಿ, ಹೆಂಚಿನಿಂದ ಕೆಂಡಕ್ಕೆ ಇಳಿಸಿದರೆ ರೊಟ್ಟಿ. ಬೇಯಿಸಿದ ಉಂಡೆಯನ್ನು ಒರಳಿಗೆ ಹಾಕಿ ಒತ್ತಿದರೆ ಶಾವಿಗೆ, ಜತೆಗೆ ಕಾಯಿಹಾಲು. ಇವೆಲ್ಲ ಮಳೆ ಕಲಿಸಿದ ಅಡುಗೆ ಎಂದು ನಾನು ನಂಬಿದ್ದೇನೆ. ಬಿಸಿಲು ಸಿಗದ, ಹಿಟ್ಟು ಉಬ್ಬದ, ಸೌದೆ ಹೊಗೆಯಾಡುವ ನಾಲ್ಕು ತಿಂಗಳನ್ನು ದಾಟಿಸಲು ಅಕ್ಕಿಯೊಂದರಿಂದ ಏನೇನು ಮಾಡಬಹುದೋ ಅಷ್ಟನ್ನೂ ಇಲ್ಲಿನ ಹೆಂಗಸರು ಮಾಡಿದ್ದಾರೆ.

ನೀರುದೋಸೆಯ ವಿಚಾರದಲ್ಲಿ ನನ್ನ ಹಟ ಈ ಅಂಕಣದ ಹಳಬರಿಗೆ ಗೊತ್ತಿದೆ. ಅದು ಘಟ್ಟದ ಕೆಳಗಿನದು, ತುಳುನಾಡಿನದು. ಹೋಟೆಲು ಇಡಲು ಮೇಲೆ ಬಂದ ಕರಾವಳಿಯ ಜನರ ಕೈಹಿಡಿದು ಬಂತು. ಮಂಗಳೂರಿನ ಬಸ್ಸುಗಳು ಚಾರ್ಮಾಡಿಯ ತಿರುವುಗಳನ್ನೆಲ್ಲ ಹತ್ತಿ ಮುಗಿಸಿ ಕೊಟ್ಟಿಗೆಹಾರದಲ್ಲಿ ಉಸಿರು ಬಿಡುವ ಹೊತ್ತಿಗೆ ಒಳಗಿದ್ದವರಿಗೂ ಬಿಸಿಯಾಗಿ ಏನಾದರೂ ಬೇಕಾಗುತ್ತಿತ್ತು. ಇಡ್ಲಿಯ ಹಿಟ್ಟು ಮುನಿಸಿಕೊಳ್ಳುವ ಆ ಚಳಿಯಲ್ಲಿ, ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ ನೀರು ಸೇರಿಸಿದೊಡನೆ ಕಾವಲಿಗೆ ಹೊಯ್ಯಬಹುದಾದ ದೋಸೆಯೇ ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಇವತ್ತು ಕೊಟ್ಟಿಗೆಹಾರ ಎಂದರೆ ನೀರುದೋಸೆ ಎನ್ನುವಷ್ಟು ಅದು ಅಲ್ಲಿಯದೇ ಆಗಿದೆ. ತೇಜಸ್ವಿ ಪ್ರತಿಷ್ಠಾನ ನೋಡಲು ಬರುವ ಹುಡುಗರೂ ಇಳಿದ ಕೂಡಲೇ ಕೇಳುವುದು ಅದನ್ನೇ.

ಒಳ್ಳೆಯ ನೀರುದೋಸೆಯನ್ನು ಅಂಗಡಿಯ ಹೊರಗೆ ನಿಂತೇ ಕಂಡುಹಿಡಿಯಬಹುದು. ಹೊಯ್ಯುವವರ ಕೈ ನೋಡಿ. ಹಿಟ್ಟನ್ನು ಅಂಚಿನಿಂದ ಒಳಕ್ಕೆ ಎರಚಿದಂತೆ ಹೊಯ್ಯಬೇಕು. ಸೌಟಿನ ಬೆನ್ನಿನಿಂದ ತಿರುವಿ ಹರಡಿದರೆ ಅದು ನೀರುದೋಸೆಯಲ್ಲ, ಹಿಟ್ಟು ದಪ್ಪವಾಯಿತೆಂದು ಲೆಕ್ಕ. ಒಂದೇ ಮಗ್ಗುಲು ಬೇಯಬೇಕು, ಮುಚ್ಚಳ ಬೀಳಬೇಕು, ಕೆಂಪಗಾಗಕೂಡದು. ಮಡಿಸಿ ತಟ್ಟೆಗೆ ಬಂದಾಗ ಹಬೆ ಏಳುತ್ತಿರಬೇಕು. ಮಡಿಸಿ ಪೇರಿಸಿಟ್ಟ ದೋಸೆ ಕಂಡರೆ ಎದ್ದು ಮುಂದಿನ ಅಂಗಡಿಗೆ ಹೋಗಿ. ಜತೆಗೆ ಕಾಯಿ ಚಟ್ನಿಯಾಗಲಿ, ಕಾಯಿಬೆಲ್ಲವಾಗಲಿ, ಮಾಂಸ ತಿನ್ನುವವರಿಗೆ ತೆಳ್ಳನೆಯ ಕೋಳಿ ಸಾರಾಗಲಿ ಸಾಕು. ಟೊಮೆಟೊ ಗೊಜ್ಜು ಸುರಿಯುವವರ ಜತೆ ನನಗೆ ಮಾತಿಲ್ಲ.

ಮಾತಿಲ್ಲದ ಇನ್ನೊಂದು ಪಂಗಡವಿದೆ. ಘಟ್ಟದ ದಾರಿಯುದ್ದಕ್ಕೂ ಈಗ ಬೆಣ್ಣೆದೋಸೆಯ ಬೋರ್ಡುಗಳು ಏಳುತ್ತಿವೆ. ಬೆಣ್ಣೆದೋಸೆಯ ಮೇಲೆ ನನಗೆ ದ್ವೇಷವಿಲ್ಲ. ದಾವಣಗೆರೆಯ ಒಣ ಬಿಸಿಲಿನಲ್ಲಿ, ಸೌದೆ ಒಲೆಯ ಮೇಲೆ ಅದು ತನ್ನ ಜಾಗದಲ್ಲಿ ಅರಸನೇ. ಚಿಕ್ಕಮಗಳೂರು ಪೇಟೆಯ ಟೌನ್ ಕ್ಯಾಂಟೀನಿನಲ್ಲಿ ಬೆಣ್ಣೆ ಮಸಾಲೆಗೆ ಸಾಲುಗಟ್ಟಿ ನಿಲ್ಲುವವರ ನಾಲಗೆಯನ್ನೂ ಒಪ್ಪುತ್ತೇನೆ. ಆ ಪೇಟೆ ಗಿರಿಯ ಮೂಡಣ ಮಗ್ಗುಲಲ್ಲಿದೆ, ನಮ್ಮಂತೆ ಮಳೆಯಲ್ಲಿ ಮುಳುಗುವುದಿಲ್ಲ. ನಾನು ಜಗಳವಾಡುವುದು ಜುಲೈ ತಿಂಗಳ ಕೊಟ್ಟಿಗೆಹಾರದಲ್ಲಿ ಬೆಣ್ಣೆದೋಸೆ ಕೇಳುವವರ ಜತೆ, ಕೇಳಿದರೆಂದು ಮಾಡಿಕೊಡುವವರ ಜತೆ. ಉಬ್ಬದ ಹಿಟ್ಟಿನ ಕೊರತೆಯನ್ನು ಬೆಣ್ಣೆಯಿಂದ ಮುಚ್ಚುವುದು ಅಡುಗೆಯಲ್ಲ.

ಇಡ್ಲಿ, ದೋಸೆಯೇ ಕನ್ನಡ ನಾಡಿನ ಮೂಲ ತಿಂಡಿ, ಕಡುಬು ಕಾಡುಜನರದು ಎಂದು ವಾದಿಸಿದ ಸ್ನೇಹಿತರೊಬ್ಬರಿಗೆ ಉತ್ತರವೊಂದು ಬಾಕಿಯಿತ್ತು. ‘ವಡ್ಡಾರಾಧನೆ’ಯಲ್ಲಿ, ಅಂದರೆ 10ನೆಯ ಶತಮಾನದ ಆಸುಪಾಸಿನಲ್ಲೇ, ಇಡ್ಡಲಿಗೆಯ ಹೆಸರಿದೆ, ನಿಜ. 1025ರ ಹೊತ್ತಿಗೆ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ಬಗೆ ಹೇಳಿದ್ದಾನೆ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲೂ ಬರುತ್ತದೆ. ಆದರೆ ಆಹಾರದ ಇತಿಹಾಸ ಬರೆದ ಕೆ.ಟಿ. ಅಚ್ಚಯ ಈ ಮೂರನ್ನೂ ನೋಡಿ ಒಂದು ಮಾತು ಎತ್ತಿದರು: ಆ ಕಾಲದ ಇಡ್ಲಿ ಬರೀ ಉದ್ದಿನದು, ಅದರಲ್ಲಿ ಅಕ್ಕಿಯಿಲ್ಲ, ರಾತ್ರಿಯಿಡೀ ಹುಳಿ ಬರಿಸುವುದಿಲ್ಲ, ಹಬೆಯೂ ಇಲ್ಲ. ಈಗ ನಾವು ಇಡ್ಲಿ ಎನ್ನುವುದು ಆಮೇಲೆ ಬೆಳೆದು ಬಂದದ್ದು. ಅಕ್ಕಿ ಬೇಯಿಸಿ ಉಂಡೆ ಕಟ್ಟಿ ಹಬೆಗಿಡುವ ಕಡುಬು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಕಷ್ಟವಿರುವುದು ಕಡುಬು ಸಿಗುವ ಜಾಗದಲ್ಲಿ. ನೀರುದೋಸೆ ಹೋಟೆಲಿಗೆ ಬಂದಿತು, ಕಡುಬು ಮನೆಯಲ್ಲೇ ಉಳಿಯಿತು. ಕಡುಬಿನ ಜತೆ ಕಪ್ಪು ಹುಳಿ ಹಾಕಿದ ಹಂದಿ ಸಾರು ಮೂಡಿಗೆರೆ ಸೀಮೆಯ ಗೌಡರ ಮನೆಗಳಲ್ಲಿ ಹಬ್ಬದ ಊಟ. ಏಡಿ ಸಾರು, ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನು, ಗುಡುಗಿಗೆ ಏಳುವ ಅಣಬೆ, ಕೆಸುವಿನ ಪತ್ರೊಡೆ, ಕಳಲೆ ಪಲ್ಯ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಜೀರಿಗೆ ಮಿಡಿಯ ಉಪ್ಪಿನಕಾಯಿ ಎಲ್ಲವೂ ಮನೆಯ ಒಳಗಿನವು. (ಹತ್ತುಮೀನು ಮೊಟ್ಟೆ ಇಡಲು ಏರಿ ಬರುತ್ತದೆ. ಅದನ್ನು ಬುಟ್ಟಿಗಟ್ಟಲೆ ಹಿಡಿಯುವುದನ್ನು ಬಿಡಬೇಕೆಂದು ಪ್ರತಿವರ್ಷ ಇಲ್ಲಿ ಬರೆಯುತ್ತೇನೆ, ಈ ವರ್ಷವೂ ಬರೆದಿದ್ದೇನೆ.) ದಾರಿಹೋಕರು ಈ ಅಡುಗೆಗೆ ಹತ್ತಿರವಾಗುವ ಒಂದೇ ಬಾಗಿಲು ಹೋಂಸ್ಟೇ. ಆ ಬಾಗಿಲನ್ನು ಅನೇಕರು ತಾವಾಗಿಯೇ ಮುಚ್ಚಿಕೊಂಡಿದ್ದಾರೆ. ತೋಟದಂಚಿನಲ್ಲಿ ಕೆಸು ಸೊಂಪಾಗಿ ಬೆಳೆದು ನಿಂತಿರುತ್ತದೆ. ಮೇಜಿನ ಮೇಲೆ ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ, ಪೇಟೆಯ ಫ್ರೀಜರಿನಿಂದ ಬಂದ ಪರೋಟ. ಕೇಳಿದರೆ, ‘ಬೆಂಗಳೂರಿನವರಿಗೆ ನಮ್ಮ ಊಟ ಹಿಡಿಸುತ್ತದೋ ಇಲ್ಲವೋ ಮಾರಾಯ್ರೆ’ ಎನ್ನುತ್ತಾರೆ. ಆಚೆ ಅಡುಗೆಮನೆಯಲ್ಲಿ ಮನೆಯವರು ಬಿಸಿ ಕಡುಬು ತಿನ್ನುತ್ತಿರುತ್ತಾರೆ.

ಇಟಲಿಯ ಹಳ್ಳಿಗಾಡಿನಲ್ಲಿ ಇದಕ್ಕೊಂದು ಕಾನೂನು ಮಾಡಿದ್ದಾರೆ. ಅಲ್ಲಿ ಹೊಲದ ಮನೆಯಲ್ಲಿ ಅತಿಥಿಗಳನ್ನು ಉಳಿಸಿಕೊಂಡು ಊಟ ಹಾಕುವುದಕ್ಕೆ ಅಗ್ರಿತುರಿಸ್ಮೋ ಎನ್ನುತ್ತಾರೆ. 1985ರಲ್ಲಿ ಅದಕ್ಕಾಗಿ ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆ ಬಂತು, 2006ರಲ್ಲಿ ಅದನ್ನು ಮತ್ತೆ ಬರೆದರು. ಮುಖ್ಯವಾದ ಷರತ್ತು ಎರಡು: ಮನೆಯ ಮೊದಲ ಕಸುಬು ಬೇಸಾಯವೇ ಆಗಿರಬೇಕು, ಬಡಿಸುವ ಊಟದಲ್ಲಿ ಹೆಚ್ಚಿನ ಪಾಲು ಸ್ವಂತ ಹೊಲದ್ದು ಮತ್ತು ಸುತ್ತಮುತ್ತಲಿನ ರೈತರದ್ದು ಇರಬೇಕು. 1986ರಲ್ಲಿ ರೋಮ್ ನಗರದ ಪಿಯಾಟ್ಸ ದಿ ಸ್ಪಾನ್ಯದಲ್ಲಿ ಮೆಕ್‌ಡೊನಾಲ್ಡ್ಸ್ ಬಂದಾಗ ಕಾರ್ಲೊ ಪೆಟ್ರೀನಿ ಮತ್ತು ಸಂಗಡಿಗರು ಪಾಸ್ತಾ ಹಂಚಿ ಪ್ರತಿಭಟಿಸಿದರು. ‘ಸ್ಲೋ ಫುಡ್’ ಚಳವಳಿ ಬೆಳೆದದ್ದು ಅಲ್ಲಿಂದ. ಪೆಟ್ರೀನಿಯ ಪೀಡ್‌ಮಾಂಟ್ ಕೂಡ ನಮ್ಮಂತೆ ಅಕ್ಕಿ ಬೆಳೆಯುವ ಸೀಮೆ, ವೆರ್ಚೆಲ್ಲಿಯ ಸುತ್ತ ಕಣ್ಣು ಹಾಯುವಷ್ಟು ದೂರ ಗದ್ದೆ. ಅಲ್ಲಿ ಗದ್ದೆಯ ಅಕ್ಕಿಯೇ ರಿಸೊತ್ತೊ ಆಗಿ ತಟ್ಟೆಗೆ ಬರುತ್ತದೆ. ನಮ್ಮಲ್ಲಿ ಇಂಟಾನ್, ಗಂಧಸಾಲೆ ಬೆಳೆಯುತ್ತಿದ್ದ ಗದ್ದೆಗಳು ಅಡಿಕೆಗೂ ಶುಂಠಿಗೂ ಹೋದವು. ಹೋಂಸ್ಟೇಗೆ ಬಂದವರು ಊಟಕ್ಕೆ ಕೊಡುವ ಹಣದಲ್ಲಿ ಒಂದಿಷ್ಟು ಅಕ್ಕಿಗದ್ದೆಗೆ ತಿರುಗಿದ್ದರೆ ಎರಡು ಎಕರೆಯಾದರೂ ಉಳಿಯುತ್ತಿತ್ತು. ಅಂಥದೊಂದು ಷರತ್ತು ನಮಗೂ ಬೇಕೆಂದು ಪ್ರವಾಸೋದ್ಯಮ ಇಲಾಖೆಯನ್ನು ಕೇಳುತ್ತೇನೆ.

ಅಲ್ಲಿಯವರೆಗೆ ಕೈಪಿಡಿಯಾಗಿ ನಾನು ಮತ್ತೆ ಮತ್ತೆ ತೆಗೆಯುವ ಪುಸ್ತಕ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. 16ನೆಯ ಶತಮಾನದ ಆರಂಭದ ಕವಿ, ಕಲ್ಲಹಳ್ಳಿಯ ಪ್ರಭು, ಜೈನ. ಅಡುಗೆಯನ್ನು ವಾರ್ಧಕ ಷಟ್ಪದಿಯಲ್ಲಿ ಹಾಡಿದ. ನನಗೆ ಅದರಲ್ಲಿ ಬೆಲೆಯುಳ್ಳದ್ದು ಅವನ ವಿಂಗಡಣೆ. ಹಿಟ್ಟಿನ ತಿನಿಸು, ಪಾನಕ, ಅನ್ನ ಎಂದು ಹೊರಟವನು ಕಾಯಿಪಲ್ಯಕ್ಕೆ ಬಂದಾಗ ಒಂದೊಂದು ಪದಾರ್ಥದ ಮುಂದೆ ನಿಂತುಬಿಡುತ್ತಾನೆ. ಬದನೆಕಾಯಿ ಹಿಡಿದರೆ ಬದನೆಯಿಂದ ಏನೇನು ಆಗುತ್ತದೋ ಅಷ್ಟನ್ನೂ ಹೇಳಿ ಮುಗಿಸಿದ ಮೇಲೇ ಮುಂದಿನದು. ಹಲಸು, ಬಾಳೆಕಾಯಿ, ಬಾಳೆಹೂವು, ಕೊನೆಗೆ ಕಳಲೆ, ನೆಲ್ಲಿ. ಬಯಲಿನ ಅಂಚಿನಲ್ಲಿ ಕುಳಿತು ಬರೆದವನು ಕಳಲೆಯನ್ನು ಕಾಡಿನವರ ತಿಂಡಿಯೆಂದು ದೂರ ತಳ್ಳಲಿಲ್ಲ. ಅರಸರ ಅಡುಗೆಯ ಸಾಲಿನಲ್ಲೇ ಕೂರಿಸಿದ. ಹೋಂಸ್ಟೇಯವರು ನಾಚಿಕೊಳ್ಳುವ ಕಳಲೆಗೆ ಐನೂರು ವರ್ಷದ ಹಿಂದೆಯೇ ಷಟ್ಪದಿಯ ಮರ್ಯಾದೆ ಸಿಕ್ಕಿದೆ.

ಮಂಗರಸನಿಂದ ದಾರಿಹೋಕರು ಕಲಿಯಬೇಕಾದ್ದೂ ಇದೇ. ಮೆನುಕಾರ್ಡು ಬದಿಗಿಟ್ಟು ಪದಾರ್ಥ ಕೇಳಿ. ‘ಅಮ್ಮ, ಇವತ್ತು ತೋಟದಿಂದ ಏನು ಬಂದಿದೆ? ಮನೆಯವರಿಗೆ ಏನು ಮಾಡಿದ್ದೀರಿ?’ ಎಂದರೆ ಸಾಕು, ಆ ಅಮ್ಮನ ಮುಖವೇ ಬೇರೆಯಾಗುತ್ತದೆ. ಕೆಸು ಬಾಯಿ ತುರಿಸುತ್ತದೆಂದು ಹೆದರುವವರು ಹುಳಿ ಸಾಕಷ್ಟು ಬಿದ್ದಿದೆಯೇ ಎಂದು ಕೇಳಿಕೊಳ್ಳಿ. ತುರಿಕೆಗೆ ಕಾರಣ ಎಲೆಯೊಳಗಿನ ಸೂಜಿಯಂಥ ಆಕ್ಸಲೇಟ್ ಹರಳುಗಳು. ಹುಣಸೆಯೋ ವಾಟೆಯೋ ಹಾಕಿ ಚೆನ್ನಾಗಿ ಬೇಯಿಸಿದ ಕೈ ಪಳಗಿದ ಕೈ.

ಕಾಫಿಯ ವಿಷಯ ಮುಂದೊಮ್ಮೆ ವಿಸ್ತಾರವಾಗಿ. ಈಗ ಇಷ್ಟೇ: ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ನೂರಕ್ಕೆ 51 ಇದ್ದರೂ ಕಾನೂನು ಒಪ್ಪುತ್ತದೆ, ಹಾಗಾಗಿ ಕಾಫಿ ತೋಟದ ನಡುವಿನ ಹೋಟೆಲಿನಲ್ಲೂ ಲೋಟದ ಅರ್ಧ ಚಿಕೋರಿ ಇರಬಹುದು. ಪುಡಿ ಯಾವುದೆಂದು ಕೇಳಿಯೇ ಕುಡಿಯಿರಿ.

ಹೊರನಾಡಿನವರೆಗೆ ಹೋಗುವವರು ಅಂದಿನ ಊಟಕ್ಕೆ ಬೇರೆಲ್ಲೂ ನಿಲ್ಲಬೇಕಾಗಿಲ್ಲ. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರೆಲ್ಲರಿಗೂ ಊಟವುಂಟು, ದುಡ್ಡಿಲ್ಲ. ಬಿಸಿ ಅನ್ನ, ಸಾರು, ಹುಳಿ, ಪಾಯಸ, ಮಜ್ಜಿಗೆ. ಸಾವಿರಾರು ಜನಕ್ಕೆ ಮಾಡಿದ ಸಾರಿನಲ್ಲಿ ಆ ತಿಳಿ, ಆ ಹದ ಹೇಗೆ ಬರುತ್ತದೆಂದು ನಾನು ಪ್ರತಿಸಲವೂ ಬೆರಗಾಗುತ್ತೇನೆ. ಈ ದಾರಿಯ ಅತ್ಯುತ್ತಮ ಸಾರು ಅದೇ.

ಮಳೆಯಲ್ಲಿ ಹೊರಡುವವರಿಗೆ ಎರಡು ಮಾತು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಮುಚ್ಚಿತ್ತು, ದಾರಿ ತೆರೆದಿದೆಯೇ ಎಂದು ವಿಚಾರಿಸಿಯೇ ಗಾಡಿ ಹತ್ತಿ. ಕಳಲೆ ತಿನ್ನಬೇಕೆಂಬ ಆಸೆಯಿದ್ದರೆ ಉಳಿಯುವ ಮನೆಗೆ ಮೂರು ದಿನ ಮೊದಲೇ ಫೋನ್ ಮಾಡಿ; ಹೆಚ್ಚಿದ ಕಳಲೆಯನ್ನು ದಿನವೂ ನೀರು ಬದಲಿಸಿ ನೆನೆಸದಿದ್ದರೆ ಅದರ ವಿಷ ಹೋಗುವುದಿಲ್ಲ.