ಸಾಲು ಅಳಿದ ಮೇಲೆ ಉಳಿಯುವ ಋಣ

ಹಾಡನ್ನು ಎಂಪಿ3 ಕಡತವಾಗಿಸುವ ‘ಲೇಮ್’ ತಂತ್ರಾಂಶದ ಇತಿಹಾಸವನ್ನು ನಾನು ಒಂದು ಹಸ್ತಪ್ರತಿಯ ಪಾಠಾಂತರಗಳಂತೆ ಓದುತ್ತೇನೆ. 1998ರಲ್ಲಿ ಮೈಕ್ ಚೆಂಗ್ ಇದನ್ನು ಆರಂಭಿಸಿದಾಗ ಅದು ಸ್ವತಂತ್ರ ಕೃತಿಯಾಗಿರಲಿಲ್ಲ. ಐಎಸ್‌ಒ ಮಾದರಿಯಾಗಿ ಕೊಟ್ಟ ಕೋಡ್‌ಗೆ ಹಚ್ಚುವ ತಿದ್ದುಪಡಿಗಳ ಕಂತೆಯಾಗಿತ್ತು. ‘ಲೇಮ್ ಎಂಪಿ3 ಎನ್‌ಕೋಡರ್ ಅಲ್ಲ’ ಎಂಬ ಹೆಸರಿನ ವಿಸ್ತರಣೆ ಆಗ ಅಕ್ಷರಶಃ ನಿಜ. ಮುಂದೆ ಹೊಣೆ ಹೊತ್ತ ಮಾರ್ಕ್ ಟೇಲರ್, ಕಿವಿಗೆ ಏನು ಕೇಳಿಸುತ್ತದೆ, ಏನು ಕೇಳಿಸದು ಎಂದು ಅಳೆಯುವ ಹೊಸ ಮಾದರಿಯನ್ನೇ ರೂಪಿಸಿದರು. 2000ನೇ ಇಸವಿಯ ಮೇ ತಿಂಗಳ ಹೊತ್ತಿಗೆ ಐಎಸ್‌ಒ ಕೋಡ್‌ನ ಒಂದು ಸಾಲೂ ಉಳಿಯಲಿಲ್ಲ.

ಹಾಗಾದರೆ ಇದು ಯಾರ ಕೃತಿ? ಕಾನೂನು ಸಾಲುಗಳನ್ನು ಎಣಿಸುತ್ತದೆ. ಸಾಲು ಹೋದರೆ ಹೆಸರೂ ಹೋಗಬಹುದು. ಲೇಮ್ ತಂಡ ತನ್ನ ಚರಿತ್ರೆಯಲ್ಲಿ ಹಾಗೆ ಮಾಡಲಿಲ್ಲ. ಮೊದಲು ಚೆಂಗ್ ಅವರನ್ನು ನೆನೆದು, ಇಂದಿನ ರೂಪದ ಆರಂಭಕಾರರೆಂದು ಟೇಲರ್ ಅವರನ್ನು ಗುರುತಿಸಿತು. ಆರಂಭದಲ್ಲಿ ಬಳಸಿ ಕೈಬಿಟ್ಟ ಮತ್ತೊಂದು ಎನ್‌ಕೋಡರನ್ನೂ ಮರೆಯಲಿಲ್ಲ. ಯಾರು ಏನು ಮಾಡಿದರೆಂದು ಬಿಡಿಸಿ ಹೇಳುವ ಈ ಕ್ರಮ, ಎಲ್ಲರಿಗೂ ಒಟ್ಟಾಗಿ ಕೈಮುಗಿಯುವ ವಂದನಾರ್ಪಣೆಗಿಂತ ಪ್ರಾಮಾಣಿಕವಾದುದು.

ಆದರೂ ಒಂದು ಕೊರತೆ ಇಂಥ ಎಲ್ಲ ಚರಿತ್ರೆಗಳಿಗೂ ಇದೆ. ಧ್ವನಿ ತಂತ್ರಾಂಶ ತಿದ್ದುವುದು ಕೇಳಿಕೆಯಿಂದ. ಒಂದು ತಾಳದ ಪೆಟ್ಟು ಮಸುಕಾಯಿತೆಂದು ಹೇಳಿದ ಕೇಳುಗ ಒಂದು ಸಾಲನ್ನೂ ಬರೆದಿರುವುದಿಲ್ಲ. ಒಳ್ಳೆಯ ಗ್ರಂಥ ಸಂಪಾದಕ ತಾನು ಬಿಟ್ಟ ಪಾಠವನ್ನೂ ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಹೊಸದಾಗಿ ಕೋಡ್ ಬರೆಯುವವರಿಗೂ ಅಷ್ಟು ಸೌಜನ್ಯ ಬೇಕು.

ಲೇಮ್ ಈಗ ಪೂರ್ಣ ಎನ್‌ಕೋಡರ್. ಹೆಸರು ಸುಳ್ಳಾಗಿದೆ, ಆದರೆ ಆ ಸುಳ್ಳೇ ಹಳೆಯ ಋಣವನ್ನು ನೆನಪಿಸುತ್ತಿದೆ.