2200 ಮೀಟರ್ ಅಲೆಯ ಹರಟೆ

ಹ್ಯಾಮ್ ರೇಡಿಯೋ ಹವ್ಯಾಸಿಗಳಿಗೆ 135.7ರಿಂದ 137.8 ಕಿಲೋಹರ್ಟ್ಸ್‌ವರೆಗಿನ ಕಿರುಪಟ್ಟಿ ದಕ್ಕಿದ್ದು 2007ರ ವಿಶ್ವ ರೇಡಿಯೋ ಸಮ್ಮೇಳನದಲ್ಲಿ. ಹೊರಸೂಸುವ ಶಕ್ತಿ 1 ವಾಟ್ ಮೀರುವಂತಿಲ್ಲ. ಆ ಒಂದು ವಾಟನ್ನು ಹೊರಡಿಸುವುದೇ ದೊಡ್ಡ ಸಾಹಸ. ಇಲ್ಲಿ ಅಲೆಯ ಉದ್ದ ಸುಮಾರು 2200 ಮೀಟರ್. ಕಾಲು ಅಲೆಯ ಕಂಬಕ್ಕೆ 550 ಮೀಟರ್ ಎತ್ತರ ಬೇಕು. ಹಿತ್ತಲಿನ ತಂತಿ ಹತ್ತಿಪ್ಪತ್ತು ಮೀಟರ್ ಏರಿದರೆ ಪುಣ್ಯ. ಕೊರತೆ ತುಂಬಲು ಡ್ರಮ್ಮಿನ ಗಾತ್ರದ ಕಾಯಿಲ್ ಸುತ್ತುತ್ತಾರೆ. ಆದರೂ ಶಕ್ತಿಯ ಬಹುಪಾಲು ಸುರುಳಿಯಲ್ಲೂ ನೆಲದಲ್ಲೂ ಶಾಖವಾಗಿ ಸೋರುತ್ತದೆ. ಎರೆಹುಳುಗಳಿಗೆ ಬೆಚ್ಚಗಾಯಿತೇ ಎಂದು ಜೊತೆಗಾರರು ಕಾಲೆಳೆಯುವುದು ಅದಕ್ಕೇ.

ಇಷ್ಟು ಕ್ಷೀಣ ಸಂಕೇತ ಕಿವಿಗೆ ಸಿಗದು. ಸಿಡಿಲಿನ ಗರಗರ, ಅಕ್ಕಪಕ್ಕದ ಚಾರ್ಜರುಗಳ ಗದ್ದಲ ಅದನ್ನು ನುಂಗಿಬಿಡುತ್ತವೆ. ಆದ್ದರಿಂದ ಮೋರ್ಸ್ ಸಂಕೇತವನ್ನು ತೀರಾ ನಿಧಾನಕ್ಕೆ ಕಳಿಸಿ, ಕಂಪ್ಯೂಟರ್ ಪರದೆಯ ಮೇಲೆ ಗೆರೆಗಳಾಗಿ ಕಣ್ಣಿನಿಂದ ಓದುತ್ತಾರೆ. ಒಂದು ಚುಕ್ಕೆಗೆ 3 ಸೆಕೆಂಡ್, ಸಾಗರದಾಚೆಗೆ ಕಳಿಸುವುದಾದರೆ 60 ಸೆಕೆಂಡ್ ಕೂಡ. ಶುಭಾಶಯ ಹೇಳಲು ಹ್ಯಾಮ್‌ಗಳು ಬಳಸುವ ‘73’ ಎಂಬ ಅಂಕಿ ಈ ವೇಗದಲ್ಲಿ ಮುಗಿಯಲು 29 ನಿಮಿಷ ಬೇಕು! ಇಂಥಲ್ಲಿ ಚೇಷ್ಟೆ ಮಾಡುವವನಿಗೂ ತಾಳ್ಮೆ ಇರಬೇಕು. ಅರ್ಧ ಜೋಕು ತಲುಪುವಷ್ಟರಲ್ಲಿ ಬೆಳಗಾಗಿರುತ್ತದೆ. ಎಷ್ಟೇ ಎಳೆಯ ಹುಡುಗನಾದರೂ ಗಾಳಿಯಲ್ಲಿ ‘ಓಎಂ’, ಅಂದರೆ ಮುದುಕಪ್ಪ. ಈ ಪಟ್ಟಿಯಲ್ಲಿ ಮಾತು ಮುಗಿಸುವಷ್ಟರಲ್ಲಿ ಆ ಹೆಸರು ನಿಜವಾದರೂ ಆದೀತು.

ಇನ್ನೂ ಕೆಳಗೆ, 17.2 ಕಿಲೋಹರ್ಟ್ಸ್‌ನಲ್ಲಿ, ಸ್ವೀಡನ್ನಿನ ಗ್ರಿಮೆಟನ್ ಕೇಂದ್ರವಿದೆ. 1920ರ ದಶಕದ ಅದರ ತಿರುಗುಯಂತ್ರವನ್ನು ಈಗಲೂ ವಿಶೇಷ ದಿನಗಳಂದು ಚಾಲೂ ಮಾಡುತ್ತಾರೆ. ಆಗ ಸುರುಳಿ ಆಂಟೆನಾವನ್ನು ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಸಿಕ್ಕಿಸಿ ಕೂತವರು ತಮಗೆ ಕೇಳಿಸಿತೆಂದು ವರದಿ ಕಳಿಸುತ್ತಾರೆ.